ಎರಡು ಮೂತಿಯ ದಿರ್ಹಮ್

ಬೆವರಿದ ಅಂಗೈಯಲ್ಲಿ ನಾಣ್ಯದ ವಾಸನೆ ಬಂದರೆ ಈಗಲೂ ನನ್ನ ಮುಷ್ಟಿ ತಾನಾಗಿ ಬಿಗಿಯಾಗುತ್ತದೆ.

ಆಗ ನಾವು ಗಲ್ಫ್‌ನಲ್ಲಿದ್ದೆವು; ನನಗೆ ಹತ್ತು ವರ್ಷ. ನನ್ನಲ್ಲೊಂದು ಸವೆದ ದಿರ್ಹಮ್ ನಾಣ್ಯ ಇತ್ತು; ಅದರ ಮೇಲಿನ ಕಾಫಿ ಹೂಜಿಗೆ ಎರಡು ಮೂತಿ ಕಾಣುತ್ತಿತ್ತು. ಟಂಕಸಾಲೆಯ ಅಚ್ಚೇ ಹಾಗಿತ್ತು ಎಂಬುದು ನನ್ನ ವಾದ. "ಎಲ್ಲೋ ಬಿದ್ದು ಜಜ್ಜಿದ್ದು ಮಾರಾಯ್ತಿ," ಎಂದು ಪಪ್ಪ ತೀರ್ಪು ಕೊಟ್ಟಿದ್ದರು. "ಅಚ್ಚಿನದ್ದಾದರೆ ಅಂಥದೇ ಇನ್ನೊಂದು ತೋರಿಸು."

ಅಲ್ಲಿ ವಾರದ ರಜೆ ಶುಕ್ರವಾರ, ಪೂಜೆಯೂ ಅಂದೇ. ಒಂದು ಶುಕ್ರವಾರ ಊದ್ ಮೇಥಾದ ಇಗರ್ಜಿಯಲ್ಲಿ ಕಾಣಿಕೆಯ ಚೀಲ ಬರುವಾಗ ಮಮ್ಮಿ ನನ್ನ ಕೈಗೊಂದು ದಿರ್ಹಮ್ ಇಟ್ಟರು. ಅದೇ ಇಸವಿ, ಅದೇ ಎರಡು ಮೂತಿ. ಚೀಲ ನನ್ನೆದುರು ನಿಂತಿತು. ನಾನು ಮುಷ್ಟಿ ಮುಚ್ಚಿದೆ.

"ಹಾಕು," ಎಂದರು ಪಪ್ಪ, ತುಟಿ ಅಲ್ಲಾಡಿಸದೆ.

"ಇದು ಸಾಕ್ಷಿ. ಹಾಕುವುದಿಲ್ಲ."

"ದೇವರ ದುಡ್ಡು ಅದು."

"ದೇವರಿಗೆ ಬೇರೆ ಹಾಕಿ ಪಪ್ಪ. ಅವರು ಅಚ್ಚು ನೋಡುವುದಿಲ್ಲ."

ಚೀಲ ಹಿಡಿದ ಅಂಕಲ್ ಕೆಮ್ಮಿದರು. ಹಿಂದಿನ ಸಾಲು ಪ್ರಾರ್ಥನೆ ಬಿಟ್ಟು ನಮ್ಮ ವಿಚಾರಣೆ ಆಲಿಸಿತು. ಕೊನೆಗೆ ಪಪ್ಪ ಐದರ ನೋಟು ಹಾಕಿ ನನಗೆ ಜಾಮೀನು ಕೊಡಿಸಿದರು.

ಮನೆಯಲ್ಲಿ ಎರಡನ್ನೂ ಭೂತಗನ್ನಡಿಯಡಿ ಬಹಳ ಹೊತ್ತು ನೋಡಿದರು. "ಎರಡೂ ಒಂದೇ ಥರ ಬಿದ್ದಿರಬಹುದು," ಎಂದರು.

ಮುಂದಿನ ಶುಕ್ರವಾರ ಚೀಲ ಬಂದಾಗ ಪಪ್ಪ ಕನ್ನಡಕ ಹಣೆಗೇರಿಸಿ, ತಮ್ಮ ದಿರ್ಹಮನ್ನು ಮೊದಲು ಬೆಳಕಿಗೆ ಹಿಡಿದು ನೋಡಿದರು.