ಹದಿನೇಳನೆಯ ಪುಟದ ಸೂಪು

ಅಗ್ನಿಶಾಮಕ ಠಾಣೆಯ ಮಹಿಳಾ ಸಂಘ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ ಹದಿನೇಳನೆಯ ಪುಟದಲ್ಲಿ ಆರ್ಡೆಲ್ಲಾ ಟಿಬ್ಸಳ ತಣ್ಣನೆಯ ಟೊಮೆಟೊ ಸೂಪು ಇತ್ತು. ಅದರ ಕೆಳಗಿದ್ದ ಹೆಸರು ಮಾರ್ಜೀನ್ ಕೂಂಟ್ಸಳದು.

ಓಹಿಯೋದ ಆ ಸಣ್ಣ ಊರಿನಲ್ಲಿ ಮಾರ್ಜೀನ್ ಸಂಘದ ಅಧ್ಯಕ್ಷೆ. ಆರ್ಡೆಲ್ಲಾ ಠಾಣೆಯ ಸಭಾಂಗಣ ಗುಡಿಸಿ ಪಾತ್ರೆ ತೊಳೆಯುವವಳು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಊಟಕ್ಕೆ ಅವಳು ಮಾಡಿ ತಂದ ಸೂಪನ್ನು ಊರೇ ಚಪ್ಪರಿಸಿತ್ತು. ಪುಸ್ತಕಕ್ಕೆ ಬೇಕೆಂದು ಕೇಳಿದಾಗ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. "ಸದಸ್ಯರ ಹೆಸರು ಮಾತ್ರ ಹಾಕೋದು ಆರ್ಡೆಲ್ಲಾ. ನೀನು ಸದಸ್ಯೆ ಅಲ್ವಲ್ಲ" ಎಂಬ ಮಾರ್ಜೀನಳ ಮಾತು ಪುಸ್ತಕದ ಜೊತೆಗೇ ಬಂತು.

ಇವತ್ತು ಅಕ್ಟೋಬರ್ ಮೂವತ್ತೊಂದು, ಸತ್ತವರು ತಿರುಗಾಡುತ್ತಾರೆಂದು ವೇಷ ಕಟ್ಟುವ ಹಬ್ಬ. ಐದು ಗಂಟೆಗೆ ಊರಿನ ಮಕ್ಕಳೆಲ್ಲ ದೆವ್ವ, ಮಾಟಗಾತಿ, ಅಸ್ಥಿಪಂಜರಗಳಾಗಿ ಊಟಕ್ಕೆ ಬರುವವರಿದ್ದರು. ಬೇಸಿಗೆಯ ಅಡುಗೆಗಳನ್ನೇ ಮಾಡಿ ಹೆಸರು ಬದಲಿಸಿದರಾಯಿತು ಎಂದುಕೊಂಡ ಮಾರ್ಜೀನ್, ಟೊಮೆಟೊ ಸೂಪಿಗೆ 'ಪಿಶಾಚಿಯ ರಕ್ತ' ಎಂದು ಹೆಸರಿಟ್ಟು, ಪುಸ್ತಕ ತೆರೆದಿಟ್ಟುಕೊಂಡು ಎರಡು ಗಂಟೆಗೇ ರುಬ್ಬಿದಳು. ಹಂಡೆ ತುಂಬ ತಿಳಿಗುಲಾಬಿ ನೀರು ನಿಂತಿತು.

"ಆರ್ಡೆಲ್ಲಾ! ಬಾ ಇಲ್ಲಿ. ಏನಾಗಿದೆ ನೋಡು ಇದಕ್ಕೆ."

ಆರ್ಡೆಲ್ಲಾ ಕೈಯ ನೊರೆ ಒರೆಸಿಕೊಂಡು ಬಂದು ಇಣುಕಿದಳು. "ಪಿಶಾಚಿಗೆ ರಕ್ತ ಸಾಲದು ಮಿಸೆಸ್ ಕೂಂಟ್ಸ್. ಟಾನಿಕ್ ಕುಡಿಸ್ಬೇಕು."

"ತಮಾಷೆ ಸಾಕು. ಪುಸ್ತಕದಲ್ಲಿದ್ದ ಹಾಗೇ ಮಾಡಿದೀನಿ. ಟೊಮೆಟೊ ಹನ್ನೆರಡು, ಸೌತೆಕಾಯಿ ಒಂದು..."

"ನಾನು ಬರ್ಕೊಟ್ಟಿದ್ದು 'ಬಿಸಿಲಿಗೆ ಸಿಪ್ಪೆ ಬಿರಿದ ಟೊಮೆಟೊ ಹನ್ನೆರಡು' ಅಂತ. ಇವು ಅಂಗಡಿಯೋವು, ಬಿಸಿಲೇ ಕಂಡಿಲ್ಲ."

"ಸಾಲು ಉದ್ದ ಆಯ್ತು ಅಂತ ತೆಗೆದೆ."

"ತೆಗೆದ್ರಿ. ಬಿಸಿಲೂ ಹೋಯ್ತು, ನಾನೂ ಹೋದೆ. ಪುಟದಲ್ಲಿ ಒಳ್ಳೆ ಜಾಗ ಉಳೀತು." ಆರ್ಡೆಲ್ಲಾ ತಿರುಗಿ ತೊಟ್ಟಿಯ ಕಡೆ ಹೊರಟಳು. "ನಿಮ್ಮ ಸೂಪು. ನಿಮ್ಮ ಮಾತು ಕೇಳ್ದೆ ಎಲ್ಲಿಗೆ ಹೋಗುತ್ತೆ?"

"ಮಕ್ಕಳು ಬರ್ತಾರೆ ಆರ್ಡೆಲ್ಲಾ."

ಮಕ್ಕಳು ಅಂದದ್ದಕ್ಕೆ ಅವಳು ನಿಂತಳು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿದಳು.

ಈ ತಿಂಗಳಿನ ಮಣ್ಣು ಕೊಡುವುದು ಬೀಟ್‌ರೂಟ್. ಅದನ್ನೂ ಕೆಂಪು ದಪ್ಪಮೆಣಸಿನಕಾಯಿಯನ್ನೂ ಬೆಳ್ಳುಳ್ಳಿಯ ಜೊತೆ ಒಲೆಯೊಳಗಿಟ್ಟು ಅಂಚು ಕಪ್ಪಾಗುವವರೆಗೆ ಸುಟ್ಟು, ರುಬ್ಬಿ, ಹಂಡೆಗೆ ಸುರಿದು ಕುದಿಸಿದಳು. ಜುಲೈಯಲ್ಲಿ ತಣ್ಣಗಿದ್ದದ್ದು ಈಗ ಹೊಗೆಯಾಡುತ್ತ ಕಡುಗೆಂಪಾಗಿ ಗುಳುಗುಳು ಎಂದಿತು. ಬೇಸಿಗೆಯ ಊಟದಲ್ಲಿ ಇರುತ್ತಿದ್ದಂಥ ಬೇಯಿಸಿದ ಮೊಟ್ಟೆಗಳಿಗೆ ಆಲಿವ್ ಕಾಯಿಯ ಬಿಲ್ಲೆ ಕೂರಿಸಿ ಕಣ್ಣುಗುಡ್ಡೆ ಮಾಡಿದಳು. ಆಲೂಗಡ್ಡೆ ಸಲಾಡನ್ನು ಬಟ್ಟಲಿಗೆ ಒತ್ತಿ ಬೋರಲು ಹಾಕಿ, ಚಮಚದ ಹಿಡಿಯಿಂದ ಗೀರು ಎಳೆದಾಗ ಅದು ಮಿದುಳಾಯಿತು. ಜೋಳದ ಕಾಳಿಗೆ 'ಅಜ್ಜನ ಹಲ್ಲು' ಎಂದು ಹೆಸರಿಟ್ಟು ತಾನೇ ನಕ್ಕಳು.

ಠಾಣೆಯ ಮುಖ್ಯಸ್ಥ ಸ್ಟ್ರೌಡ್ ಸಮವಸ್ತ್ರದ ಮೇಲೆ ಕಪ್ಪು ನಿಲುವಂಗಿ ಹೊದ್ದು ಬಂದವನೇ ಸೌಟು ಅದ್ದಿ ನೆಕ್ಕಿದ. ಕಣ್ಣರಳಿತು. "ಯಾರದ್ದಿದು?"

"ಹದಿನೇಳನೇ ಪುಟದ್ದು. ನನ್ನದು" ಎಂದಳು ಮಾರ್ಜೀನ್.

"ಮೂವತ್ತು ವರ್ಷ ಬೆಂಕಿ ಆರಿಸಿದ ಮೂಗು ಕಣಮ್ಮ ಇದು. ಏನೋ ಸುಟ್ಟು ಹಾಕಿದೀಯ. ಏನದು?"

ಮಾರ್ಜೀನ್ ಬಾಯಿ ತೆರೆದಳು. "ಅದೂ... ಟೊಮೆಟೊ."

"ಟೊಮೆಟೊ," ಎಂದ ಸ್ಟ್ರೌಡ್, ಆರ್ಡೆಲ್ಲಾಳ ಕೆಂಪಾದ ಬೆರಳುಗಳನ್ನೇ ನೋಡುತ್ತ. ಇನ್ನೊಂದು ಸೌಟು ನೆಕ್ಕಿ ಹೋದ.

ಐದಾಗುತ್ತ ಬಂತು. ಪ್ರತಿ ಪಾತ್ರೆಯ ಮುಂದೆ ಅಡುಗೆಯ ಹೆಸರು, ಮಾಡಿದವರ ಹೆಸರು ಇಡುವುದು ಅಲ್ಲಿನ ರೂಢಿ. ಆರ್ಡೆಲ್ಲಾ ಬೇಯಿಸುವಾಗ ಮಾರ್ಜೀನ್ ಸಭಾಂಗಣದಲ್ಲಿ ಕೂತು, ಹಬ್ಬಕ್ಕೆಂದು ಬೂದು ರಟ್ಟನ್ನು ಗೋರಿಕಲ್ಲುಗಳಂತೆ ಕತ್ತರಿಸಿದ್ದಳು. "ಉಳಿದದ್ದು ಬರೆದಿಡು" ಎಂದು ಹೇಳಿ ಮಾಟಗಾತಿಯ ಟೊಪ್ಪಿ ಹಾಕಿಕೊಳ್ಳಲು ಒಳಗೆ ಹೋದಳು. ಆರ್ಡೆಲ್ಲಾ ಸೂಪಿನ ಹಂಡೆಯ ಮುಂದಿದ್ದ, ಮಾರ್ಜೀನಳ ಹೆಸರಿನ ರಟ್ಟಿನ ಕಲ್ಲನ್ನು ಕೈಗೆತ್ತಿಕೊಂಡಳು. ಅದರ ಬೆನ್ನು ಖಾಲಿಯಿತ್ತು.

ಮಾರ್ಜೀನ್ ಹೊರಗೆ ಬರುವಷ್ಟರಲ್ಲಿ ಸಭಾಂಗಣ ತುಂಬಿತ್ತು. ಎಂಟು ವರ್ಷದ ಅಸ್ಥಿಪಂಜರವೊಂದು ಸೂಪಿನ ಮುಂದೆ ನಿಂತು ಜೋರಾಗಿ ಓದುತ್ತಿತ್ತು: "ಇಲ್ಲಿ ಮಲಗಿದೆ ಆರ್ಡೆಲ್ಲಾ ಟಿಬ್ಸಳ ಟೊಮೆಟೊ ಸೂಪು. ಹುಟ್ಟಿದ್ದು ಅವಳ ಅಮ್ಮನ ಅಡುಗೆಮನೆಯಲ್ಲಿ. ಮಣ್ಣು ಮಾಡಿದ್ದು ಹದಿನೇಳನೆಯ ಪುಟದಲ್ಲಿ."

ಎಲ್ಲಕ್ಕಿಂತ ಜೋರಾಗಿ ನಕ್ಕವನು ಸ್ಟ್ರೌಡ್. ಸಂಘದ ಹೆಂಗಸರಲ್ಲಿ ಒಬ್ಬಿಬ್ಬರು ನೆಲ ನೋಡಿದರು.

ಮಾರ್ಜೀನ್ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದಳು: "ತೆಗಿ ಅದನ್ನ. ಈಗಲೇ."

ಆರ್ಡೆಲ್ಲಾ ಅಸ್ಥಿಪಂಜರದ ಬಟ್ಟಲಿಗೆ ಅಂಚಿನವರೆಗೂ ಸೂಪು ಬಡಿಸಿದಳು.

"ತೆಗೆಯಲ್ಲ, ಮಾರ್ಜೀನ್. ಸತ್ತೋರು ಎದ್ದು ಬರೋ ದಿನ ಇದು. ಬಟ್ಟಲು ಹಿಡಿ, ನಿನಗೂ ಬಡಿಸ್ತೀನಿ."