ಒಂದು ಮುಚ್ಚಳ

"ಬಾಯಿ ತಗೀಲಾ, ತಾತನ ಪ್ರಸಾದ ಕಣ್ಲಾ," ಎಂದು ಭೀಮರಾಜು ಬ್ರಾಂದಿ ತುಂಬಿದ ಮುಚ್ಚಳವನ್ನು ಮಗನ ಮುಂದೆ ಹಿಡಿದ. ಮಹಾಲಯ ಅಮಾವಾಸ್ಯೆಯ ಎಡೆ ಆಗಷ್ಟೇ ಮುಗಿದಿತ್ತು. ತಾತನ ಫೋಟೋದ ಮುಂದೆ ಮುದ್ದೆ, ಬಾಡಿನ ಪಕ್ಕ ಇಟ್ಟಿದ್ದ ಬಾಟಲಿ ಈಗ ಅವನ ಕೈಯಲ್ಲಿತ್ತು. ಹುಡುಗರಿಗೆಲ್ಲ ಒಂದೊಂದು ಮುಚ್ಚಳ ಕುಡಿಸುವುದು, ಅವರು ಮುಖ ಕಿವುಚಿ ಕೆಮ್ಮುವಾಗ ಮನೆಮಂದಿಯೆಲ್ಲ ನಗುವುದು ಆ ಮನೆಯಲ್ಲಿ ಪ್ರತಿ ವರ್ಷದ ಪದ್ಧತಿ.

ಒಂಬತ್ತನೇ ಕ್ಲಾಸಿನ ಹರ್ಷಿತ್ ಮುಚ್ಚಳವನ್ನು ತಾನೇ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದ. ಕಣ್ಣು ಮುಚ್ಚಲಿಲ್ಲ, ನೀರಿಗೆ ಕೈ ಚಾಚಲಿಲ್ಲ. ನಗಲು ಕಾಯುತ್ತಿದ್ದ ಮುಖಗಳನ್ನು ಒಮ್ಮೆ ನೋಡಿದ. ಆಮೇಲೆ, ಏನೋ ನೆನಪಾದವನಂತೆ, ಮುಖ ಕಿವುಚಿ ಜೋರಾಗಿ ಕೆಮ್ಮಿದ.

ಎಲ್ಲರೂ ಹೋ ಎಂದು ನಕ್ಕರು. "ಅಯ್ಯೋ, ಮಗೀಗೆ ನೆತ್ತಿಗತ್ತೈತೆ, ನೀರು ಕೊಡ್ರಲಾ," ಎಂದಳು ಅಜ್ಜಿ ದೊಡ್ಡಕ್ಕ. ಭೀಮರಾಜು ಮಾತ್ರ ನಗಲಿಲ್ಲ. ಮಗ ಅಪ್ಪನ ಕಡೆ ನೋಡದೆ ಕೆಮ್ಮುತ್ತಲೇ ಇದ್ದ.

"ದೊಡ್ಡಪ್ಪ, ನಂಗೆ?" ತಮ್ಮನ ಮಗ, ಏಳು ವರ್ಷದ ಲಿಖಿತ್, ಆಗಲೇ ಮುಂದೆ ಬಂದು ಬಾಯಿ ತೆರೆದು ನಿಂತಿದ್ದ.

"ಅವನ್ಗೂ ಕೊಡ್ಲಾ," ಎಂದಳು ದೊಡ್ಡಕ್ಕ. "ಹಿರೀಕರ ಪ್ರಸಾದ ಇಲ್ಲ ಅನ್ಬಾರ್ದು."

ಭೀಮರಾಜು ಹರ್ಷಿತನ ಕೈಯಿಂದ ಮುಚ್ಚಳ ಕಿತ್ತುಕೊಂಡು ಬಾಟಲಿಗೆ ಹಾಕಿ ತಿರುಗಿಸಿದ. ಅದು ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದ.