ಯೂದನ ಕಿರುಬೆರಳು

ಹಸಿ ಜೇಡಿಮಣ್ಣಿನ ಪಾದದ ಕಿರುಬೆರಳನ್ನು ಅವಳು ಒತ್ತಿ ಪಕ್ಕದ ಬೆರಳಿನ ಮೇಲೇರಿಸಿದಳು. ಈಗ ಅದು ಥೇಟ್ ಅಕ್ಕನ ಕಾಲು. ತಂಗಿಯ ಶಿಲ್ಪವನ್ನು ತನ್ನದೆಂದು ಹೇಳಿ ಬಹುಮಾನ ಹೊಡೆದ ಅಕ್ಕ. ಅಂದಿನಿಂದ ಸತ್ತಂತಿದ್ದ ಇವಳ ಕೈಗೆ ಈ ಸೇಡೇ ಜೀವ ತಂದಿತ್ತು. ಯೇಸು ಶಿಷ್ಯರ ಕಾಲು ತೊಳೆಯುವ ಈ ಆಳೆತ್ತರದ ಶಿಲ್ಪ ಚರ್ಚು ಸೇರಿದರೆ, ಯೇಸುವನ್ನೇ ಹಿಡಿದುಕೊಟ್ಟ ದ್ರೋಹಿ ಶಿಷ್ಯ ಯೂದನ ಮೈಗೆ ತನ್ನ ಕಾಲು ಅಂಟಿರುವುದನ್ನು ಅಕ್ಕ ಪ್ರತಿ ಭಾನುವಾರ ನೋಡಬೇಕು.

"ಯೂದ ಮುಗಿದ, ಫಾದರ್. ಅವನ ಕಾಲು ಹಿಡಿಯೋ ಯೇಸುವಿನ ಕೈ ಮಾತ್ರ ಬರ್ತಿಲ್ಲ."

ಕೆಲಸ ನೋಡಲು ಬಂದಿದ್ದ ಚರ್ಚಿನ ಫಾದರ್ ಕನ್ನಡಕ ಏರಿಸಿ ಬಗ್ಗಿದರು. "ಈ ಬೆರಳು ಯಾರದು ಅಂತ ನಾನು ಕೇಳಲ್ಲ. ಆದ್ರೆ ಮೋಸ ಮಾಡ್ತಾನೆ ಅಂತ ಗೊತ್ತಿದ್ದೂ ಯೇಸು ಇವನ ಕಾಲು ತೊಳೆದ್ನಲ್ಲಮ್ಮ. ನೀನು ಆ ಕಾಲನ್ನ ಕತ್ತು ಹಿಸುಕೋ ಹಾಗೆ ಹಿಡಿಸಿದ್ದೀಯ."

"ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ."

"ಮನಸ್ಸು ಆಮೇಲೆ ನೋಡೋಣ. ಮೊದಲು ಕೈ ಇಡು."

ಅವರು ಹೋದ ಮೇಲೆ ಹಲ್ಲು ಕಚ್ಚಿಕೊಂಡು, ತನ್ನ ಕೈಯನ್ನೇ ಆ ಹಿಮ್ಮಡಿಯ ಕೆಳಗಿಟ್ಟಳು. ಪಾದ ತಣ್ಣಗೆ, ಭಾರವಾಗಿ ಅಂಗೈಗೆ ಒರಗಿತು. ಅವಳ ಹೆಬ್ಬೆರಳು ಅವಳನ್ನು ಕೇಳದೆಯೇ ಸರಿದು, ಕಿರುಬೆರಳಿನ ಸಂದಿಯಲ್ಲಿ ಉಳಿದಿದ್ದ ಮಣ್ಣಿನ ಚೂರನ್ನು ಮೆಲ್ಲಗೆ ಒರೆಸಿತು. ಸೊಟ್ಟ ಬೆರಳನ್ನು ಅವಳು ನೆಟ್ಟಗೆ ಮಾಡಲಿಲ್ಲ. ಆ ಕೈಯನ್ನು ಕದಲಿಸದೆ, ಇನ್ನೊಂದು ಕೈಯಿಂದ ಹೊಸ ಮಣ್ಣು ಕಿತ್ತು, ತನ್ನ ಹೆಬ್ಬೆರಳಿನಂತೆಯೇ ಯೇಸುವಿನ ಹೆಬ್ಬೆರಳು ತಿದ್ದತೊಡಗಿದಳು.